ಸೇತುವೆಗೂ ಹಿಗ್ಗಲು ಜಾಗ ಬೇಕು

ಕೃಷ್ಣರಾಜ ಮಾರುಕಟ್ಟೆ ಆರಂಭವಾದದ್ದು 1921ರಲ್ಲಿ. ಅದರ ಪಕ್ಕದ ಮೇಲ್ಸೇತುವೆ ಸಂಚಾರಕ್ಕೆ ತೆರೆದದ್ದು 1999ರಲ್ಲಿ. ಪುರಭವನದ ಕಡೆಯಿಂದ ಸಿರ್ಸಿ ಸರ್ಕಲ್ ದಾಟಿ ಮೈಸೂರು ರಸ್ತೆಗೆ ಇಳಿಯುವ ಇದರ ಉದ್ದ ಸುಮಾರು 2.6 ಕಿಲೋಮೀಟರ್.

ಇದರ ಮೇಲೆ ಬಸ್ಸಿನಲ್ಲಿ ಹೋಗುವಾಗ ಆಗಾಗ್ಗೆ ‘ಧಡಕ್’ ಎನ್ನುವ ಸದ್ದನ್ನು ಎಲ್ಲರೂ ಶಪಿಸುತ್ತಾರೆ. ಆದರೆ ಎಕ್ಸ್‌ಪ್ಯಾನ್ಷನ್ ಜಾಯಿಂಟ್ ಎಂಬ ಆ ಸಂದುಗಳಿಂದಲೇ ಸೇತುವೆ ಕ್ಷೇಮವಾಗಿದೆ.

ನನ್ನ ಹಳೆಯ ವಿದ್ಯಾರ್ಥಿಗಳು ಲೆಕ್ಕ ಮಾಡಿ ನೋಡಲಿ. ಉಷ್ಣತೆ 1 ಡಿಗ್ರಿ ಸೆಲ್ಸಿಯಸ್ ಏರಿದರೆ ಒಂದು ಕಿಲೋಮೀಟರ್ ಉದ್ದದ ಕಾಂಕ್ರೀಟು ಸುಮಾರು 1 ಸೆಂಟಿಮೀಟರ್ ಹಿಗ್ಗುತ್ತದೆ. ಚಳಿಗಾಲದ ಮುಂಜಾವಿಗೂ ಬೇಸಗೆಯ ಮಧ್ಯಾಹ್ನಕ್ಕೂ 20 ಡಿಗ್ರಿ ವ್ಯತ್ಯಾಸವೆಂದರೆ, ಒಂದೇ ತುಂಡಾಗಿದ್ದ ಪಕ್ಷದಲ್ಲಿ ಈ ಸೇತುವೆ ಅರ್ಧ ಮೀಟರಿಗೂ ಹೆಚ್ಚು ಬೆಳೆಯಬೇಕಿತ್ತು! 30 ಮೀಟರಿನ ತುಂಡಾದರೆ ಹಿಗ್ಗುವುದು 6 ಮಿಲಿಮೀಟರ್ ಮಾತ್ರ. ಕಾಂಕ್ರೀಟಿನೊಳಗಿನ ಉಕ್ಕೂ ಹೆಚ್ಚುಕಡಿಮೆ ಅಷ್ಟೇ ಹಿಗ್ಗುವುದರಿಂದ ಅವೆರಡರ ಸಂಸಾರ ಕೆಡುವುದಿಲ್ಲ.

ಬಿಸಿಲಿಗೆ ಮೇಲ್ಮೈ ಕಾದು ಅಡಿಭಾಗ ತಂಪಾಗಿಯೇ ಉಳಿದರೆ ತೊಲೆ ನಡುವೆ ತುಸು ಉಬ್ಬುತ್ತದೆ. ತಡೆದರೆ ಒಳಗೆ ಒತ್ತಡ ಹುಟ್ಟುತ್ತದೆ. ಸಂದಿನಲ್ಲಿ ಕಲ್ಲುಮಣ್ಣು ತುಂಬಿದರೆ ಅಂಚು ಬಿರಿಯುತ್ತದೆ. ಅದರ ರಬ್ಬರು ಹರಿದರೆ ಮಳೆನೀರು ಇಳಿದು ಉಕ್ಕು ತುಕ್ಕು ಹಿಡಿಯುತ್ತದೆ.

2019ರಲ್ಲಿ ಒಂದು ಬದಿಯನ್ನು ಮುಚ್ಚಿ ಡಾಂಬರು ಬದಲಿಸಿದಾಗ ಜನ ಬೇಸರಪಟ್ಟರು. ರಸ್ತೆಯ ನುಣುಪು ಕಣ್ಣಿಗೆ ಕಾಣುತ್ತದೆ, ಸಂದಿನ ಆರೋಗ್ಯ ಕಾಣುವುದಿಲ್ಲ. ಸೇತುವೆಯ ಆಯುಷ್ಯ ನಿಂತಿರುವುದು ಆ ಬೆರಳಗಲದ ಜಾಗವನ್ನು ಶುಚಿಯಾಗಿಡುವುದರಲ್ಲಿಯೇ.