ಹೆಸರು ಹೇಳಿಕೊಂಡವರು



ಕಳೆದ ದಸರಾ ರಜೆಯಲ್ಲಿ ಮೊಮ್ಮಗಳು ಬೆಂಗಳೂರಿನಿಂದ ಗಿಟಾರ್ ಹೊತ್ತುಕೊಂಡು ಬಂದಿದ್ದಳು. ವೀಣೆಯ ನಾದ ಕೇಳುತ್ತ ಬೆಳೆದ ನನ್ನ ಕಿವಿಗೆ ರಾಕ್ ಸಂಗೀತ ಅಷ್ಟಾಗಿ ಒಗ್ಗದು. ಒಂದು ಸಂಜೆ ತಡೆಯಲಾರದೆ, "ಇದೆಲ್ಲ ಗಂಡುಹುಡುಗರ ಗದ್ದಲವಲ್ಲವೇನಮ್ಮ?" ಎಂದೆ. "ತಾತ, ನೀವು ಹಿಸ್ಟರಿ ಮೇಷ್ಟ್ರಾಗಿ ಹೀಗೆ ಹೇಳಬಹುದಾ?" ಎಂದು ನಕ್ಕವಳೇ ನನ್ನನ್ನು ಕೂರಿಸಿ ಹಳೆಯ ಚಿತ್ರವೊಂದನ್ನು ತೋರಿಸಿದಳು.

1964ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ, ಬಳಕೆ ತಪ್ಪಿದ ರೈಲು ನಿಲ್ದಾಣವೊಂದರಲ್ಲಿ ಟೆಲಿವಿಷನ್ನಿಗಾಗಿ ತೆಗೆದ ಚಿತ್ರವದು. ಮಳೆಯ ದಿನ. ಅಮೆರಿಕದ ಕರಿಯ ಜನಾಂಗದ ಸಿಸ್ಟರ್ ರೊಸೆಟ್ಟಾ ಥಾರ್ಪ್ ಎಂಬಾಕೆ ವಿದ್ಯುತ್ ಗಿಟಾರನ್ನು ಹೆಗಲಿಗೇರಿಸಿ ದೇವರ ಹಾಡು ಹಾಡುತ್ತಿದ್ದಾರೆ. 1915ರಲ್ಲಿ ಜನಿಸಿದ ಈಕೆ 1938ರಿಂದಲೇ ಧ್ವನಿಮುದ್ರಿಕೆಗಳನ್ನು ನೀಡಿದವರು. 1947ರಲ್ಲಿ ಲಿಟಲ್ ರಿಚರ್ಡ್ ಎಂಬ ಹುಡುಗನನ್ನು ತಮ್ಮ ವೇದಿಕೆಯಲ್ಲಿ ಹಾಡಿಸಿದವರು. ಅವನೇ ಮುಂದೆ ರಾಕ್ ಸಂಗೀತದ ದೊಡ್ಡ ಹೆಸರಾದ. 1973ರಲ್ಲಿ ಆಕೆ ತೀರಿಕೊಂಡ ಮೇಲೆ ಮೂವತ್ತು ವರ್ಷಕ್ಕೂ ಮಿಕ್ಕಿ ಅವರ ಸಮಾಧಿಯ ಮೇಲೆ ಹೆಸರಿನ ಕಲ್ಲೂ ಇರಲಿಲ್ಲವಂತೆ. ರಾಕ್ ಸಂಗೀತದ ಗೌರವ ಮಂದಿರದಲ್ಲಿ ಅವರಿಗೆ ಸ್ಥಾನ ದೊರೆತದ್ದು 2018ರಲ್ಲಿ.

ಹೆಸರಿಲ್ಲದ ಆ ಸಮಾಧಿಯ ಮಾತು ಅಂದು ರಾತ್ರಿ ನನ್ನನ್ನು ನಿದ್ರಿಸಗೊಡಲಿಲ್ಲ. ಅಂಥದೇ ಕಥೆಯೊಂದು ನಮ್ಮ ಮೈಸೂರಿನದೂ ಆಗಿದೆಯಲ್ಲ!

1902ರಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೇಸ್‌ಬರ್ಗ್ ಹಾಡುಗಳನ್ನು ಮುದ್ರಿಸಿಕೊಳ್ಳಲು ಕಲ್ಕತ್ತೆಗೆ ಬಂದರು. ದೊಡ್ಡ ದೊಡ್ಡ ಉಸ್ತಾದರಲ್ಲಿ ಅನೇಕರು ಯಂತ್ರದ ಮುಂದೆ ಹಾಡಲು ಹಿಂಜರಿದರು. ಕಂಠ ಕೆಡುವುದೆಂಬ ಭಯ ಕೆಲವರಿಗೆ, ವಿದ್ಯೆ ಬೀದಿಪಾಲಾಗುವುದೆಂಬ ಅಳುಕು ಮತ್ತೆ ಕೆಲವರಿಗೆ. ಧೈರ್ಯದಿಂದ ಮುಂದೆ ಬಂದವರು, ಸಭ್ಯ ಸಮಾಜವು ಹೊಸಿಲ ಹೊರಗಿಟ್ಟಿದ್ದ ಗಾಯಕಿಯರು. ಅವರಲ್ಲಿ ಅಗ್ರಗಣ್ಯರು ಗೌಹರ್ ಜಾನ್. ಆಗ ಮೈಕು ಇರಲಿಲ್ಲ. ಕಹಳೆಯಂಥ ಕೊಳವೆಗೆ ಮುಖವೊಡ್ಡಿ ಗಟ್ಟಿಯಾಗಿ ಹಾಡಬೇಕಿತ್ತು. ಗಂಟೆಗಟ್ಟಲೆ ವಿಸ್ತರಿಸುತ್ತಿದ್ದ ರಾಗವನ್ನು ಸುಮಾರು ಮೂರು ನಿಮಿಷಕ್ಕೆ ಇಳಿಸಬೇಕಿತ್ತು. ಆಕೆ ಅದನ್ನು ಸಾಧಿಸಿ ತೋರಿಸಿದರು.

ಹಾಡು ಮುಗಿಯುತ್ತಿದ್ದಂತೆ ಆಕೆ ಇಂಗ್ಲಿಷಿನಲ್ಲಿ, "ಮೈ ನೇಮ್ ಈಸ್ ಗೌಹರ್ ಜಾನ್" ಎಂದು ಕೂಗಿ ಹೇಳುತ್ತಿದ್ದರು. ಇದು ಜಂಬವಲ್ಲ. ತಟ್ಟೆಗಳು ಅಚ್ಚಾಗುತ್ತಿದ್ದುದು ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿನ ಕೆಲಸಗಾರರಿಗೆ ಹಾಡಿದವರು ಯಾರೆಂದು ತಿಳಿಯಬೇಕಲ್ಲ! ಆದರೆ ಇಂದು ಕೇಳುವಾಗ ಆ ಕೂಗಿನಲ್ಲಿ ಬೇರೊಂದು ಅರ್ಥವೂ ಕೇಳಿಸುತ್ತದೆ.

1911ರ ದೆಹಲಿ ದರ್ಬಾರಿನಲ್ಲಿ ಹಾಡಿದ ಆ ಕೀರ್ತಿವಂತೆ ಮುಂದೆ ಕೋರ್ಟು ವ್ಯಾಜ್ಯಗಳಲ್ಲಿ ಸಿಲುಕಿ ಸಂಪತ್ತನ್ನು ಕಳೆದುಕೊಂಡರು. 1928ರ ಆಗಸ್ಟಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ತಿಂಗಳಿಗೆ 500 ರೂಪಾಯಿ ಸಂಬಳ ಗೊತ್ತುಮಾಡಿ ಅವರನ್ನು ಅರಮನೆಯ ವಿದುಷಿಯಾಗಿ ನೇಮಿಸಿದರು. ಆದರೆ ಋಣ ದೀರ್ಘವಿರಲಿಲ್ಲ. 1930ರ ಜನವರಿ 17ರಂದು ನಮ್ಮ ದೊಡ್ಡಾಸ್ಪತ್ರೆಯಲ್ಲಿ, ಅಂದರೆ ಕೃಷ್ಣರಾಜೇಂದ್ರ ಆಸ್ಪತ್ರೆಯಲ್ಲಿ, ಅವರು ಕೊನೆಯುಸಿರೆಳೆದರು. ಸಮಾಧಿ ಇಂಥಲ್ಲಿದೆ ಎಂದು ಕೈತೋರಿಸುವವರು ಈ ಊರಿನಲ್ಲಿ ಇಂದು ಯಾರೂ ಇಲ್ಲ.

ಇಲ್ಲಿಂದ ಹದಿನೈದು ಮೈಲಿಯಾಚೆಯ ನಂಜನಗೂಡಿನಲ್ಲಿ 1878ರಲ್ಲಿ ಹುಟ್ಟಿದ ಬೆಂಗಳೂರು ನಾಗರತ್ನಮ್ಮನವರ ಕಥೆ ಇದಕ್ಕೆ ವ್ಯತಿರಿಕ್ತ. ಪಾಳುಬಿದ್ದಿದ್ದ ತ್ಯಾಗರಾಜರ ಸಮಾಧಿಗೆ ತಮ್ಮ ಗಳಿಕೆಯನ್ನೇ ಸುರಿದು ತಿರುವೈಯಾರಿನಲ್ಲಿ ಮಂದಿರ ಕಟ್ಟಿಸಿದರು; 1925ರಲ್ಲಿ ಪ್ರತಿಷ್ಠೆಯಾಯಿತು. ಅಲ್ಲಿನ ಆರಾಧನೆಯಲ್ಲಿ ಹೆಂಗಸರು ಹಾಡುವಂತಿಲ್ಲವೆಂದಾಗ ಹೆಂಗಸರದೇ ಆರಾಧನೆಯನ್ನು ಆರಂಭಿಸಿದರು. 1952ರಲ್ಲಿ ಕಾಲವಾದ ಅವರ ಸಮಾಧಿಯೂ ತ್ಯಾಗರಾಜರ ಸನ್ನಿಧಿಯ ಸಮೀಪದಲ್ಲೇ ಇದೆ. ತಮ್ಮ ಸ್ಥಾನವನ್ನು ತಾವೇ ಸಂಪಾದಿಸಿಕೊಂಡವರು ಅವರು.

ಈಗ ನನ್ನ ತಪ್ಪೊಪ್ಪಿಗೆ. ಮೂವತ್ತು ವರ್ಷಕ್ಕೂ ಮಿಗಿಲಾಗಿ ನಿಮಗೆಲ್ಲ ಇತಿಹಾಸ ಕಲಿಸಿದೆ. ದೆಹಲಿ ದರ್ಬಾರಿನ ಇಸವಿಯನ್ನು ಬಾಯಿಪಾಠ ಮಾಡಿಸಿದೆ, ನಾಲ್ವಡಿಯವರ ಕಾಲದ ಅಣೆಕಟ್ಟು, ಕಾರ್ಖಾನೆ, ವಿಶ್ವವಿದ್ಯಾನಿಲಯಗಳ ಪಟ್ಟಿಯನ್ನು ಒಪ್ಪಿಸಿಕೊಂಡೆ. ದಿನವೂ ಸೈಕಲ್ಲಿನಲ್ಲಿ ದೊಡ್ಡಾಸ್ಪತ್ರೆಯ ಮುಂದೆಯೇ ಹಾದುಹೋದೆ. ಆದರೆ ಗೌಹರ್ ಜಾನ್ ಎಂಬ ಹೆಸರನ್ನು ಒಮ್ಮೆಯೂ ಕಪ್ಪುಹಲಗೆಯ ಮೇಲೆ ಬರೆಯಲಿಲ್ಲ. ಪಠ್ಯದಲ್ಲಿರಲಿಲ್ಲ ಎಂಬುದು ನೆಪವಷ್ಟೇ. ಹಾಡುವ ಹೆಂಗಸರ ಬದುಕು ಇತಿಹಾಸವಲ್ಲ ಎಂದು ನನಗೂ ಅರಿವಿಲ್ಲದೆ ನಂಬಿದ್ದೆ.

ನಿಮ್ಮಲ್ಲಿ ಹಲವರು ಇಂದು ಅಧ್ಯಾಪಕರಾಗಿದ್ದೀರಿ, ಹಲವರು ತಂದೆತಾಯಿಗಳಾಗಿದ್ದೀರಿ. ನಾನು ಬಿಟ್ಟ ಪಾಠವನ್ನು ನೀವು ಮಾಡಿ. ಆಕೆಯ ಹಳೆಯ ಮುದ್ರಿಕೆಗಳು ಈಗ ಅಂತರ್ಜಾಲದಲ್ಲಿ ಸಿಗುತ್ತವೆ. ಮಕ್ಕಳಿಗೆ ಕೇಳಿಸಿ, ಹಾಡು ಮುಗಿದೊಡನೆ ನಿಲ್ಲಿಸಬೇಡಿ. ಮೊಮ್ಮಗಳು ಮತ್ತು ನಾನು ಹಾಗೆಯೇ ಕೇಳಿದೆವು. ನೂರಕ್ಕೂ ಹೆಚ್ಚು ವರ್ಷಗಳ ಗರಗರ ಸದ್ದಿನೊಳಗಿಂದ ಆ ತಾಯಿ ತಮ್ಮ ಹೆಸರನ್ನು ಹೇಳಿದಾಗ, ಮೊಮ್ಮಗಳು ಗಿಟಾರನ್ನು ಮೆಲ್ಲನೆ ಕೆಳಗಿಟ್ಟಳು.

ಎಲ್ಲರಿಗೂ ಶುಭವಾಗಲಿ.