ಹೆಸರಿಲ್ಲದವರು ತೆಗೆದ ಚಿತ್ರ

‘ದಿ ಆ್ಯಕ್ಟ್ ಆಫ್ ಕಿಲ್ಲಿಂಗ್’ (2012) ಮುಗಿದು ತಂಡದವರ ಹೆಸರುಗಳು ಬರುವಾಗ ಎದ್ದು ಹೋಗಬೇಡಿ. ಜೋಶುವಾ ಒಪೆನ್‌ಹೈಮರ್ ಜೊತೆ ನಿರ್ದೇಶಿಸಿದವರಲ್ಲಿ ಒಬ್ಬರ ಹೆಸರಿನ ಜಾಗದಲ್ಲಿ ‘ಅನಾಮಿಕ’ ಎಂದಿದೆ. ಅದರ ಕೆಳಗೂ ಸಾಲುಸಾಲಾಗಿ ಅದೇ ಪದ. ಇವರೆಲ್ಲ ಇಂಡೊನೇಷ್ಯಾದವರು. ಸರ್ವಾಧಿಕಾರಿ ಸುಹಾರ್ತೊ ಕುರ್ಚಿ ಬಿಟ್ಟು 14 ವರ್ಷವಾಗಿದ್ದರೂ ಹೆಸರು ಹಾಕಿಕೊಳ್ಳುವುದು ಅವರಿಗೆ ಅಪಾಯವೇ ಆಗಿತ್ತು.

ಭಯದ ಬೇರು 1965ರಲ್ಲಿದೆ. ಆ ಅಕ್ಟೋಬರ್ 1ರ ನಸುಕಿನಲ್ಲಿ ಆರು ಜನರಲ್‌ಗಳನ್ನು ಅಪಹರಿಸಿ ಕೊಲ್ಲಲಾಯಿತು. ಸೇನೆ ಅದರ ಹೊಣೆಯನ್ನು ಕಮ್ಯುನಿಸ್ಟ್ ಪಕ್ಷದ ಮೇಲೆ ಹೊರಿಸಿತು. ಮುಂದಿನ ತಿಂಗಳುಗಳಲ್ಲಿ ಕನಿಷ್ಠ 5 ಲಕ್ಷ ಜನ ಸತ್ತರೆಂಬುದು ಇತಿಹಾಸಕಾರರ ಅಂದಾಜು. ಗೇಣಿದಾರರು, ತೋಟದ ಕೂಲಿಗಳು, ಶಾಲಾ ಮೇಷ್ಟ್ರುಗಳು, ಚೀನೀ ಮೂಲದವರು, ‘ಗೆರ್ವಾನಿ’ ಎಂಬ ಮಹಿಳಾ ಸಂಘಟನೆಯವರು ಅವರಲ್ಲಿದ್ದರು. ಗೆರ್ವಾನಿ ಹೆಂಗಸರು ಜನರಲ್‌ಗಳ ಅಂಗಾಂಗ ಕತ್ತರಿಸಿದರು ಎಂದು ಸೇನೆಯ ಪತ್ರಿಕೆಗಳು ಬರೆದವು. ಶವಪರೀಕ್ಷೆಯ ವರದಿಯಲ್ಲಿ ಅಂಥ ಗುರುತೇ ಇರಲಿಲ್ಲ. ಆದರೂ 1984ರಲ್ಲಿ ಸರ್ಕಾರ ತಾನೇ ಮಾಡಿಸಿದ ಸಿನಿಮಾದಲ್ಲಿ ಆ ಹೆಂಗಸರು ಕ್ರೂರಿಗಳಾಗಿಯೇ ಕಾಣಿಸಿಕೊಂಡರು. ಸುಹಾರ್ತೊ ಬೀಳುವವರೆಗೆ ಪ್ರತಿ ಸೆಪ್ಟೆಂಬರ್ 30ಕ್ಕೆ ಅದು ಟಿವಿಯಲ್ಲಿ ಬರುತ್ತಿತ್ತು, ಶಾಲಾ ಮಕ್ಕಳು ನೋಡಲೇಬೇಕಿತ್ತು. ಸತ್ತವರ ಮಕ್ಕಳೂ ಅದನ್ನೇ ನೋಡಿ ಬೆಳೆದರು.

ಒಪೆನ್‌ಹೈಮರ್ ಉತ್ತರ ಸುಮಾತ್ರಾಕ್ಕೆ ಮೊದಲು ಹೋದದ್ದು ಈ ಕಥೆಗಾಗಿ ಅಲ್ಲ. ಅಲ್ಲಿನ ತಾಳೆ ಎಣ್ಣೆ ತೋಟದ ಕಾರ್ಮಿಕರ ಜೊತೆ ಒಂದು ಚಿತ್ರ ಮಾಡಲು. ಕಳೆನಾಶಕ ಹೊಡೆಯುವ ಹೆಂಗಸರಿಗೆ ಮೈಮುಖ ಮುಚ್ಚಿಕೊಳ್ಳಲು ಸರಿಯಾದ ಬಟ್ಟೆಯೂ ಇರಲಿಲ್ಲ. ಸಂಘ ಕಟ್ಟಲು ಅವರಿಗೆ ಹೆದರಿಕೆ. ಸಂಘದಲ್ಲಿದ್ದರೆಂಬ ಕಾರಣಕ್ಕೇ ಅವರ ಅಪ್ಪ, ಅಜ್ಜಂದಿರು 1965ರಲ್ಲಿ ಕೊಲೆಯಾಗಿದ್ದರು. ಅವರು ಆ ಹಳೆಯ ಕಥೆ ಹೇಳತೊಡಗಿದಾಗ ಸೇನೆಯವರು ಬಂದು ಬೆದರಿಸಿದರು. ಆಗ ಊರಿನವರೇ ಒಂದು ದಾರಿ ಹೇಳಿದರು: ನಮ್ಮನ್ನು ಬಿಡಿ, ಕೊಂದವರನ್ನು ಚಿತ್ರೀಕರಿಸಿ, ಅವರು ಹೆಮ್ಮೆಯಿಂದ ಹೇಳುತ್ತಾರೆ.

ಹಾಗೆಯೇ ಆಯಿತು. ‘ಆ್ಯಕ್ಟ್ ಆಫ್ ಕಿಲ್ಲಿಂಗ್’ನಲ್ಲಿ ಮೆಡಾನ್ ಊರಿನ ಹಂತಕರು ತಮ್ಮ ಕೊಲೆಗಳನ್ನು ಸಿನಿಮಾ ದೃಶ್ಯಗಳಂತೆ ಅಭಿನಯಿಸಿ ತೋರಿಸುತ್ತಾರೆ. ಸತ್ತವರ ಕಡೆಯವರು ಕಾಣುವುದೇ ಅಪರೂಪ. ಹಂತಕರ ನೆರೆಯವನೊಬ್ಬ ತನ್ನ ಮಲತಂದೆಯನ್ನು, ಆತ ಚೀನೀಯ, ರಾತ್ರಿ ಎಳೆದೊಯ್ದದ್ದನ್ನು, ಹುಡುಗನಾಗಿದ್ದ ತಾನೂ ಅಜ್ಜನೂ ಹೆಣವನ್ನು ರಸ್ತೆ ಬದಿಯಲ್ಲಿ ಹೂತದ್ದನ್ನು ಹೇಳುತ್ತಾನೆ. ಹೇಳುವುದು ನಗುನಗುತ್ತಾ, ನಿಮ್ಮನ್ನು ಟೀಕಿಸುತ್ತಿಲ್ಲ ಎಂದು ಸಮಜಾಯಿಷಿ ಬೇರೆ. ಆ ನಗು ನೋಡಿ ನಮ್ಮಲ್ಲಿ ಕೆಲವರು ವಿಡಿಯೊ ನಿಲ್ಲಿಸಿ ಹೊರಗೆ ಹೋಗಿ ಬಂದೆವು.

ಹಂತಕರಿಗೇ ಇಷ್ಟು ಜಾಗ ಕೊಟ್ಟದ್ದು ಸರಿಯೇ ಎಂಬ ಆಕ್ಷೇಪ ಆಗಲೂ ಇತ್ತು, ನಮಗೂ ಬಂತು. ಅದಕ್ಕೆ ಅರ್ಧ ಉತ್ತರ ‘ದಿ ಲುಕ್ ಆಫ್ ಸೈಲೆನ್ಸ್’ನಲ್ಲಿದೆ (2014). ಅಲ್ಲಿ ಆದಿ ಎಂಬ ಕನ್ನಡಕ ಮಾಡಿಕೊಡುವಾತ, ತಾನು ಹುಟ್ಟುವ ಮೊದಲೇ ಅಣ್ಣ ರಾಮ್ಲಿಯನ್ನು ಕೊಂದವರ ಮನೆಗಳಿಗೆ ಹೋಗುತ್ತಾನೆ. ಮುದುಕರ ಕಣ್ಣು ಪರೀಕ್ಷಿಸುತ್ತಲೇ ಪ್ರಶ್ನೆ ಕೇಳುತ್ತಾನೆ. ಈ ಭೇಟಿಗಳು ಅವನದೇ ಹಟ; ನಿರ್ದೇಶಕ ಅಪಾಯವೆಂದು ಮೊದಲು ಒಪ್ಪಿರಲಿಲ್ಲ. ಈ ಚಿತ್ರದಿಂದಾಗಿ ಆ ಕುಟುಂಬ ಊರು ಬಿಡಬೇಕಾಯಿತು.

ಉಳಿದ ಅರ್ಧ ಉತ್ತರ ತೋಟದ ಕಾರ್ಮಿಕರದು. ಮೊದಲ ಚಿತ್ರದಲ್ಲಿ ಅವರು ತೆರೆಯ ಮೇಲಿಲ್ಲ, ಆದರೆ ಕ್ಯಾಮೆರಾ ಎತ್ತ ತಿರುಗಬೇಕೆಂದು ದಾರಿ ತೋರಿಸಿದವರು ಅವರೇ. ಹಾಗಾಗಿ ದಮನಿತರು ಎಷ್ಟು ನಿಮಿಷ ಕಾಣಿಸುತ್ತಾರೆ ಎಂದು ಎಣಿಸುವುದಕ್ಕಿಂತ, ಏನು ತೋರಿಸಬೇಕೆಂದು ನಿರ್ಧರಿಸಿದವರು ಯಾರು ಎಂದು ಕೇಳುವುದು ಮುಖ್ಯ ಎನ್ನಿಸುತ್ತದೆ ನಮಗೆ.

ಇದು ನಮ್ಮ ದಿನದ ಕೆಲಸಕ್ಕೂ ತಾಗುವ ಮಾತು. ಹಳ್ಳಿಯಲ್ಲಿ ಗಲಾಟೆಯಾದರೆ ಅಧಿಕಾರಿಯ ಬೈಟ್‌ಗೆ ಹೆಸರು, ಹುದ್ದೆ ಹಾಕಿ ಕಳಿಸುತ್ತೇವೆ. ಕಾಲೊನಿಯ ಹೆಂಗಸು ಅಳುವ ದೃಶ್ಯಕ್ಕೆ ‘ಸಂತ್ರಸ್ತೆ’ ಎಂದಷ್ಟೇ ಬರೆಯುತ್ತೇವೆ. ಕೆಲವೊಮ್ಮೆ ಕೇಳದೆಯೇ ಮುಖವನ್ನೂ ತೋರಿಸುತ್ತೇವೆ. ಸಂಜೆಗೆ ನಾವು ಬೈಕ್ ಹತ್ತಿ ತಾಲ್ಲೂಕಿಗೆ ಮರಳುತ್ತೇವೆ, ಆಕೆ ಅದೇ ಬೀದಿಯಲ್ಲಿ ಬದುಕಬೇಕು. ಹೆಸರು ಹಾಕಲೇ, ಮುಖ ತೋರಿಸಲೇ, ಯಾರನ್ನು ಏನು ಕೇಳಲಿ ಎಂದು ಮೊದಲು ಆಕೆಯನ್ನೇ ಕೇಳಲು ಐದು ನಿಮಿಷ ಸಾಕು. ಡೆಸ್ಕ್‌ನಿಂದ ಎಷ್ಟೇ ಫೋನ್ ಬರಲಿ, ಆ ಐದು ನಿಮಿಷ ತೆಗೆದುಕೊಳ್ಳೋಣ.