ಗಳೆ ಬಿಡೂ ಹೊತ್ತು

ಗದಗಿನಿಂದ ಹೊಸಪೇಟೆ ದಾರಿ ಹಿಡಿದು 12 ಕಿಲೋಮೀಟರ್ ಹೋದರೆ ಲಕ್ಕುಂಡಿ. ಅಲ್ಲಿ ಒಂದು ಇಡೀ ದಿನ ಕಿವಿ ತೆರೆದುಕೊಂಡು ಕೂತರೆ ‘ಬಿಡು’ ಎಂಬ ಎರಡಕ್ಷರ ಎಷ್ಟು ದುಡಿಯುತ್ತದೆ ಅನ್ನುವುದು ತಿಳಿಯುತ್ತದೆ. ಬೆಳಗ್ಗೆ ಎದ್ದ ಕೂಡಲೆ ಓಣಿಯಲ್ಲಿ ‘ನೀರು ಬಿಟ್ಟಾರೇನ?’ ಆಮೇಲೆ ‘ಬಸ್ಸು ಬಿಟ್ಟಿತಲ್ಲೋ!’ ಸಂಜೆ ಮುಂದೆ ‘ಸಾಲಿ ಬಿಟ್ಟೈತಿ’. ಚಹಾದಂಗಡಿಯಲ್ಲಿ ಒಬ್ಬ ದೊಡ್ಡ ದೊಡ್ಡ ಮಾತು ಬಿಡುತ್ತಿದ್ದರೆ ಪಕ್ಕದವನು ‘ಸಾಕ್ ಬಿಡಪಾ’ ಅನ್ನುತ್ತಾನೆ. ಹಿತ್ತಲಲ್ಲಿ ನುಗ್ಗಿ ಕಾಯಿ ಬಿಟ್ಟಿರುತ್ತದೆ. ಎರಿ ಹೊಲದ ಕಡೆಯಿಂದ ಬರುವ ಅಜ್ಜನನ್ನು ಮಾತಾಡಿಸಿದರೆ, ‘ಈಗರ ಗಳೆ ಬಿಟ್ಟ್ ಬಂದ್ನಿ ತಮ್ಮಾ.’

ನೊಗದಿಂದ ಎತ್ತಿನ ಕೊರಳು ಬಿಡಿಸುವ ಆ ಗಳಿಗೆಯಲ್ಲೇ ಈ ಶಬ್ದದ ತಿರುಳಿದೆ ಅಂತ ನನ್ನ ಗುಮಾನಿ. ಹಿಡಿದದ್ದನ್ನು ಸಡಿಲಿಸುವುದು. ‘ಬಿಡುವು’ ಬಂದದ್ದು ಅಲ್ಲಿಂದ, ‘ಬಿಡುಗಡೆ’ ಬಂದದ್ದೂ ಅಲ್ಲಿಂದ. ದಂಡು ನಡಿಗೆ ನಿಲ್ಲಿಸಿ ಇಳಿದುಕೊಂಡ ಜಾಗ ‘ಬೀಡು’. ಈ ಊರಿಗೂ ಆ ಪಟ್ಟ ಸಿಕ್ಕಿತ್ತು. ಸೊರಟೂರಿನ ಕಾಳಗದಲ್ಲಿ ಸೇವುಣರನ್ನು ಸೋಲಿಸಿದ ಹೊಯ್ಸಳ ಇಮ್ಮಡಿ ವೀರಬಲ್ಲಾಳ ಹನ್ನೆರಡನೆಯ ಶತಮಾನದ ಕೊನೆಗೆ ಲೊಕ್ಕಿಗುಂಡಿಯನ್ನು ತನ್ನ ನೆಲೆವೀಡು ಮಾಡಿಕೊಂಡ. (‘ಬಿಟ್ಟಿ’ ಮಾತ್ರ ಈ ಬಳಗದ್ದಲ್ಲ. ಅದು ಸಂಸ್ಕೃತದ ‘ವಿಷ್ಟಿ’ಯಿಂದ ಬಂದದ್ದು, ಕೂಲಿ ಕೊಡದೆ ಮಾಡಿಸಿಕೊಂಡ ದುಡಿಮೆ. ಮುಖ ನೋಡಿ ನೆಂಟಸ್ತಿಕೆ ಕಟ್ಟಬಾರದು.)

ಈ ಸೀಮೆಯ ಕಲ್ಲುಗಳು ಈ ಶಬ್ದಕ್ಕೆ ಇನ್ನೂ ಒಂದು ಕೆಲಸ ಕೊಟ್ಟಿವೆ. ಗುಡಿಗೆ, ಬಸದಿಗೆ, ಕೆರೆಗೆ, ಸತ್ರಕ್ಕೆ ಭೂಮಿ ಕೊಟ್ಟಾಗ ಶಾಸನ ಬರೆಯುವವನು ‘ಧಾರಾಪೂರ್ವಕಂ ಮಾಡಿ ಬಿಟ್ಟರ್’ ಅನ್ನುತ್ತಾನೆ. ಬಿಟ್ಟ ದತ್ತಿ. 1007ರಲ್ಲಿ ಇಲ್ಲಿ ಬ್ರಹ್ಮ ಜಿನಾಲಯ ಕಟ್ಟಿಸಿದ ಅತ್ತಿಮಬ್ಬೆ, ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಮಾಡಿಸಿ ಹಂಚಿದ ಆ ದಾನಚಿಂತಾಮಣಿ, ಬಿಡುವುದನ್ನೇ ಬಾಳಿನ ಕಸುಬು ಮಾಡಿಕೊಂಡವಳು. ಕೊಟ್ಟರು ಅಂದರೆ ಕೈಯಿಂದ ಕೈಗೆ ಹೋಯಿತು. ಬಿಟ್ಟರು ಅಂದರೆ ಕೊಟ್ಟವನ ಹಿಡಿತವೂ ತಪ್ಪಿತು. ಶಾಸನದ ಮೊದಲಿಗೆ ಬಿಟ್ಟವರ ಹೆಸರು, ನಡುವೆ ಎಷ್ಟು ಮತ್ತರು, ನಾಲ್ಕು ದಿಕ್ಕಿಗೆ ಯಾವ ಗಡಿ, ಯಾರಿಗೆ ಯಾತಕ್ಕೆ. ಕೊನೆಗೆ, ಇದಕ್ಕೆ ಅಳುಪಿದವನು ಅರವತ್ತು ಸಾವಿರ ವರ್ಷ ಹುಳವಾಗಿ ಬಿದ್ದಿರಲಿ ಎಂಬ ಶಾಪ. ಮನುಷ್ಯ ಬಿಟ್ಟದ್ದನ್ನು ಮತ್ತೆ ಹಿಡಿಯುತ್ತಾನೆ ಅನ್ನುವುದು ಕಲ್ಲು ಕೆತ್ತುವವನಿಗೂ ಗೊತ್ತಿತ್ತು.

ಇದನ್ನೆಲ್ಲ ನೆನೆಯುವಂತೆ ಮಾಡಿದ್ದು ಲಕ್ಕುಂಡಿಯ ಶಬ್ದವಲ್ಲ, ಹೀಬ್ರೂ ಭಾಷೆಯ ಒಂದು ಮಾತು: ಶ್ಮಿಟಾ. ಯೆಹೂದಿ ಧರ್ಮಶಾಸ್ತ್ರದ ಪ್ರಕಾರ ಆರು ವರ್ಷ ಹೊಲ ಉತ್ತು ಬಿತ್ತಿದ ಮೇಲೆ ಏಳನೆಯ ವರ್ಷ ಬಿಡಬೇಕು. ಬಿತ್ತುವಂತಿಲ್ಲ, ದ್ರಾಕ್ಷಿಬಳ್ಳಿ ಸವರುವಂತಿಲ್ಲ. ತಾನಾಗಿ ಬೆಳೆದದ್ದನ್ನು ಒಡೆಯ ಕಣಜಕ್ಕೆ ತುಂಬುವಂತಿಲ್ಲ. ಬಡವರು, ಆಳುಕಾಳು, ಪರದೇಶಿ ಬಂದು ತಿನ್ನಬಹುದು, ಅವರು ಬಿಟ್ಟದ್ದು ಕಾಡುಮೃಗಗಳಿಗೆ. ಅದೇ ವರ್ಷ ಸಾಲವನ್ನೂ ಬಿಡಬೇಕು. ನೆಲದ ದಣಿವು, ಬಡವನ ಹಸಿವು, ಸಾಲಗಾರನ ಕುತ್ತಿಗೆ ಮೂರಕ್ಕೂ ಒಂದೇ ಶಬ್ದ, ಒಂದೇ ಗಡುವು. ಇಂದು ಪರಿಸರದವರು ಒಂದು ಕಡೆ, ನ್ಯಾಯದವರು ಒಂದು ಕಡೆ ಬೇರೆ ಬೇರೆ ಫಲಕ ಹಿಡಿದು ನಿಲ್ಲುತ್ತಾರಲ್ಲ, ಆ ಭೇದ ಈ ಶಬ್ದಕ್ಕೆ ಗೊತ್ತೇ ಇಲ್ಲ.

ಇನ್ನು ಬೇರು ಹುಡುಕಿದರೆ ಸೋಜಿಗ. ಶ್ಮಿಟಾದ ಧಾತುವಿಗೆ ಹಿಡಿದದ್ದನ್ನು ಕೆಳಗೆ ಬೀಳಲು ಬಿಡುವುದು ಎಂಬ ಅರ್ಥ. ನಮ್ಮ ರೈತ ಉಳದ ಹೊಲವನ್ನು ಏನನ್ನುತ್ತಾನೆ? ಬೀಳು. ‘ಹೊಲ ಬೀಳು ಬಿಟ್ಟೀನ್ರಿ’. ಬೀಳು, ಬಿಡು, ಎರಡೂ ಜತೆಗೇ ಇವೆ. ಆ ಭಾಷೆಗೂ ಈ ಭಾಷೆಗೂ ಕರುಳಬಳ್ಳಿ ಇಲ್ಲ. ನೇಗಿಲು ಹಿಡಿದು ದಣಿದ ಕೈ ಎಲ್ಲ ಕಡೆಯೂ ಒಂದೇ ರೀತಿ ಸಡಿಲಾಗುತ್ತದೆ, ಅಷ್ಟೆ.

ಆದರೆ ಮುಟ್ಟಿ ನೋಡಿದರೆ ಎರಡರ ಮೈ ಬೇರೆ. ನಮ್ಮಲ್ಲಿ ‘ಬೀಳು’ ಅಂದ ಕೂಡಲೆ ದನಿ ಇಳಿಯುತ್ತದೆ. ಮಳೆ ಕೈಕೊಟ್ಟಿದೆ, ಬೀಜಕ್ಕೆ ರೊಕ್ಕವಿಲ್ಲ, ಮನೆಯವರು ದುಡಿಯಲು ಗೋವಾಕ್ಕೋ ಮಂಗಳೂರಿಗೋ ಗುಳೆ ಹೋಗಿದ್ದಾರೆ. ಅದು ಸೋಲಿನ ಮಾತು. ಶ್ಮಿಟಾ ಬೇಕೆಂದೇ ಬಿಡುವುದು, ಊರಿಗೆ ಊರೇ ಒಟ್ಟಿಗೆ ಬಿಡುವುದು. ನಮ್ಮ ಎರಿಭೂಮಿಗೂ ಬೇಕೆಂದು ಬಿಡುವ ರೂಢಿಯೊಂದಿತ್ತು. ಹಿಂಗಾರಿ ಜೋಳಕ್ಕಾಗಿ ಮುಂಗಾರಿಯುದ್ದಕ್ಕೂ ಹೊಲ ಖಾಲಿ ಬಿಡುತ್ತಿದ್ದರು, ಮಳೆಯಾದಾಗೊಮ್ಮೆ ಕುಂಟಿ ಹೊಡೆದು ಹರಗಿ ತೇವ ಕಾಯುತ್ತಿದ್ದರು, ಕುರುಬರ ಹಿಂಡು ಬಂದರೆ ರಾತ್ರಿ ಕುರಿ ನಿಲ್ಲಿಸುತ್ತಿದ್ದರು. ಈಗ ಮುಂಗಾರಿಗೆ ಹೆಸರು, ಅದನ್ನು ಕಿತ್ತ ಬೆನ್ನಿಗೇ ಕಡಲೆ ಇಲ್ಲವೆ ಜೋಳ. ಇದನ್ನು ತಪ್ಪೆನ್ನಲಾರೆ. ಹೆಸರು ದ್ವಿದಳ, ನೆಲಕ್ಕೆ ಸಾರಜನಕ ಕೊಟ್ಟೇ ಹೋಗುತ್ತದೆ. ಎರಡು ಕಾಸು ಮನೆಗೂ ಬರುತ್ತದೆ. ಖಾಲಿ ಹೊಲ ಕಂಡರೆ ಈಗ ನಾಚಿಕೆಪಡುವಂತಾಗಿದೆ, ಅದೊಂದು ಮಾತ್ರ ನನಗೆ ಸರಿಬರುವುದಿಲ್ಲ.

ಎತ್ತಿನ ವಿಷಯದಲ್ಲಿ ಮಾತ್ರ ನಾವೂ ಅವರೂ ಪಕ್ಕಾ ಬೀಗರು. ಉತ್ತರ ಕರ್ನಾಟಕದ ಒಕ್ಕಲಿಗ ಸೋಮವಾರ ಎತ್ತು ಹೂಡುವುದಿಲ್ಲ, ಅದು ಬಸವಣ್ಣನ ವಾರ. ಯೆಹೂದಿಗಳ ಸಬ್ಬತ್ ಶನಿವಾರ. ಅಂದು ಎತ್ತು, ಕತ್ತೆಗಳಿಗೂ ಬಿಡುವು ಇರಬೇಕೆಂದು ಅವರ ಶಾಸ್ತ್ರದಲ್ಲಿ ಶ್ಮಿಟಾ ವಿಧಿಯ ಪಕ್ಕದಲ್ಲೇ ಬರೆದಿದೆ. ನಮ್ಮ ನೆರೆಯ ಕೊಂಕಣದಲ್ಲಿ ನೂರಾರು ವರ್ಷದಿಂದ ಇದ್ದ ಬೆನೆ ಇಸ್ರೇಲಿ ಯೆಹೂದಿಗಳದು ಎಣ್ಣೆ ತೆಗೆಯುವ ಕಸುಬು. ಶನಿವಾರ ಅವರ ಗಾಣ ತಿರುಗುತ್ತಿರಲಿಲ್ಲ. ಊರವರಿಗೆ ಅವರ ಧರ್ಮ ಏನೆಂದು ತಿಳಿಯದು, ಗಾಣ ನಿಂತದ್ದು ಮಾತ್ರ ಕಾಣುತ್ತಿತ್ತು. ಅದಕ್ಕೇ ‘ಶನಿವಾರ ತೇಲಿ’ ಅಂತ ಹೆಸರಿಟ್ಟರು, ಅಂದರೆ ಶನಿವಾರದ ಗಾಣಿಗರು. ಏನು ಮಾಡುತ್ತಾರೆ ಅನ್ನುವುದಕ್ಕಿಂತ ಯಾವತ್ತು ಬಿಡುತ್ತಾರೆ ಅನ್ನುವುದರಿಂದ ಒಂದು ಸಮುದಾಯಕ್ಕೆ ಗುರುತು ಬಂದದ್ದು ನನಗೆ ಬಹಳ ಹಿಡಿಸಿದ ಸಂಗತಿ. ಈಗ ಟ್ರ್ಯಾಕ್ಟರಿಗೆ ಸೋಮವಾರವಿಲ್ಲ. ಬಾಡಿಗೆ ಗಂಟೆಯ ಲೆಕ್ಕ.

ಬಿಡಬೇಕೆಂಬ ಕಟ್ಟಳೆ ಇದ್ದಲ್ಲಿ ಬಿಡದಿರುವ ಜಾಣತನವೂ ಹುಟ್ಟುತ್ತದೆ. ಏಳನೆಯ ವರ್ಷ ಹತ್ತಿರ ಬಂದಂತೆ ಉಳ್ಳವರು ಸಾಲ ಕೊಡುವುದನ್ನೇ ನಿಲ್ಲಿಸಿದರು, ಬಡವ ಇನ್ನೂ ಬಡವನಾದ. ಆಗ ಹಿಲ್ಲೆಲ್ ಎಂಬ ಹಿರಿಯ ಧರ್ಮಗುರು ‘ಪ್ರೋಜ್ಬುಲ್’ ಎಂಬ ಕಾಗದಪತ್ರದ ಉಪಾಯ ತಂದ. ಸಾಲವನ್ನು ನ್ಯಾಯಮಂಡಳಿಗೆ ಒಪ್ಪಿಸಿದಂತೆ ಬರೆದರೆ ಅದು ರದ್ದಾಗುವುದಿಲ್ಲ. ಅವನ ಉದ್ದೇಶ ಒಳ್ಳೆಯದೇ. ಆದರೂ ಕಾಗದದಲ್ಲಿ ಬಿಟ್ಟಂತೆ, ಕೈಯಲ್ಲಿ ಹಿಡಿದಂತೆ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಪ್ಯಾಲೆಸ್ಟೈನಿನಲ್ಲಿ ಹೊಸದಾಗಿ ಹೊಲ ಮಾಡಿದವರು ಆ ವರ್ಷದ ಮಟ್ಟಿಗೆ ಭೂಮಿಯನ್ನು ಯೆಹೂದ್ಯೇತರರ ಹೆಸರಿಗೆ ಮಾರಿದಂತೆ ಮಾಡಿ ಬೇಸಾಯ ಮುಂದುವರಿಸಿದರು. ಇದು ಸರಿಯೋ ತಪ್ಪೋ ಎಂಬ ಜಗಳ ಇಂದಿಗೂ ಅವರಲ್ಲಿ ನಿಂತಿಲ್ಲ. ನಾವು ನಗುವ ಹಾಗಿಲ್ಲ. 1974ರಲ್ಲಿ ಭೂಸುಧಾರಣೆ ಬಂದಾಗ ನಮ್ಮ ಎಷ್ಟೋ ಹೊಲಗಳು ರಾತ್ರೋರಾತ್ರಿ ಯಾರ್ಯಾರ ಹೆಸರಿಗೆ ಹೋದವು ಅನ್ನುವುದು ನಮಗೆ ಗೊತ್ತು.

ಹೊಲವೇ ಇಲ್ಲದ ಯೆಹೂದಿಗಳು ಏನು ಬಿಡಬೇಕು? ಈ ಪ್ರಶ್ನೆಯನ್ನು ಅಮೆರಿಕದ ಯೆಹೂದಿಗಳು ಕೈಗೆತ್ತಿಕೊಂಡರು. ಅಲ್ಲಿ 2000ದಲ್ಲಿ ಹುಟ್ಟಿದ ಹಝೋನ್ ಎಂಬ ಪರಿಸರ ಸಂಸ್ಥೆ ಶ್ಮಿಟಾವನ್ನು ಮತ್ತೆ ಮಾತಿಗೆ ತಂದು, ಕೊಳ್ಳುವುದನ್ನು, ಸುಡುವುದನ್ನು, ಎಸೆಯುವುದನ್ನು ಬಿಡುವ ವರ್ಷವಾಗಿ ಅದನ್ನು ಓದಿತು. 2023ರಲ್ಲಿ ಇನ್ನೊಂದು ಸಂಸ್ಥೆಯೊಡನೆ ಕೂಡಿ ‘ಅದಾಮಾ’ ಎಂಬ ಹೆಸರು ಇಟ್ಟುಕೊಂಡಿತು. ಅದಾಮಾ ಅಂದರೆ ಹೀಬ್ರೂವಿನಲ್ಲಿ ಮಣ್ಣು, ಆದಾಮ್ ಅಂದರೆ ಮನುಷ್ಯ. ಮಣ್ಣಿನಿಂದ ಮನುಷ್ಯ ಅನ್ನುವುದು ಅವರಿಗೆ ವೇದಾಂತವಲ್ಲ, ವ್ಯಾಕರಣ. ಅವರಲ್ಲಿ ಇನ್ನೊಂದು ವಿಧಿಯಿದೆ: ಶತ್ರುವಿನ ಕೋಟೆಗೆ ಮುತ್ತಿಗೆ ಹಾಕಿದಾಗಲೂ ಫಲದ ಮರಕ್ಕೆ ಕೊಡಲಿ ಹಾಕಬಾರದು. ಇದರಿಂದಲೇ ಯಾವುದನ್ನೂ ವೃಥಾ ಹಾಳುಮಾಡಬಾರದು ಎಂಬ ‘ಬಾಲ್ ತಷ್ಖಿತ್’ ನೇಮ ಬೆಳೆಯಿತು. ಕನ್ನಡದಲ್ಲಿ ಇದನ್ನು ಹೇಳಲು ನಾಲ್ಕೇ ಶಬ್ದ ಸಾಕು: ಹಣ್ಣು ಬಿಡುವ ಮರ ಬಿಡು. ಅದೇ ಕನ್ನಡದಲ್ಲಿ ‘ಕಡಿದುಬಿಡು’ ಅಂತಲೂ ಇದೆ. ಬೇರೆ ಕ್ರಿಯಾಪದದ ಬೆನ್ನಿಗೆ ಅಂಟಿದ ಕೂಡಲೆ ‘ಬಿಡು’ ತಿರುಗಿ ಬಾರದ ಕೆಲಸವಾಗುತ್ತದೆ. ಮುಗಿದುಬಿಟ್ಟಿತು, ಬತ್ತಿಬಿಟ್ಟಿತು.

ಶಬ್ದದ ಈ ಎರಡು ನಾಲಿಗೆಯನ್ನು ನಮ್ಮ ಜಿಲ್ಲೆ ಬಲ್ಲದು. 2011ರಲ್ಲಿ ಮುಂಡರಗಿ ತಾಲೂಕಿನ ಹಳ್ಳಿಗುಡಿಯ ಸುತ್ತ ಪೋಸ್ಕೊ ಉಕ್ಕಿನ ಕಾರ್ಖಾನೆಗೆ ಫಲವತ್ತಾದ ಭೂಮಿ ಕೇಳಿದಾಗ ರೈತರು ಬಿಡಲಿಲ್ಲ. ಗದುಗಿನ ತೋಂಟದ ಸಿದ್ಧಲಿಂಗ ಸ್ವಾಮಿಗಳು ಮಠ ಬಿಟ್ಟು ಬೀದಿಗೆ ಬಂದು ಮುಂದೆ ನಿಂತರು. ಜುಲೈ ಹೊತ್ತಿಗೆ ಸರ್ಕಾರ ಯೋಜನೆಯನ್ನು ‘ಕೈಬಿಟ್ಟಿತು’. ಜನ ಹಿಗ್ಗಿದರು. 2015ರ ಕೊನೆಗೆ ಸಂರಕ್ಷಿತ ಪ್ರದೇಶವಾಗಿದ್ದ ಕಪ್ಪತಗುಡ್ಡವನ್ನು 2016ರ ನವೆಂಬರಿನಲ್ಲಿ ಅದೇ ಪಟ್ಟಿಯಿಂದ ‘ಕೈಬಿಡಲಾಯಿತು’. ಜನ ಮತ್ತೆ ಬೀದಿಗಿಳಿದರು, ಸ್ವಾಮಿಗಳು ಮತ್ತೆ ಮುಂದಾದರು, 2017ರಲ್ಲಿ ಸ್ಥಾನಮಾನ ಮರಳಿತು, 2019ರಲ್ಲಿ ಗುಡ್ಡ ವನ್ಯಜೀವಿಧಾಮವಾಯಿತು. ಅದನ್ನು ನೋಡಲು ಸ್ವಾಮಿಗಳು ಇರಲಿಲ್ಲ, 2018ರಲ್ಲಿ ಲಿಂಗೈಕ್ಯರಾಗಿದ್ದರು. ಕಡತದ ಕನ್ನಡವನ್ನು ಒಮ್ಮೆ ಗಮನಿಸಿ. ‘ಕೈಬಿಡಲಾಗಿದೆ’ ಅನ್ನುವಲ್ಲಿ ಕೈ ಇದೆ, ಯಾರ ಕೈ ಅನ್ನುವುದಿಲ್ಲ. ಸಾವಿರ ವರ್ಷದ ಹಿಂದಿನ ಲಕ್ಕುಂಡಿ ಸೀಮೆಯ ಶಾಸನಕಾರ ಇಂಥ ವಾಕ್ಯ ಬರೆದಿದ್ದರೆ ಅವನ ಉಳಿ ಕಸಿದುಕೊಳ್ಳುತ್ತಿದ್ದರು.

ಬಿಡುವವರು ಯಾರು, ಬಿಡಿಸಿಕೊಂಡವರು ಯಾರು ಅಂತ ಕೇಳದೆ ಈ ಶಬ್ದವನ್ನು ಹೊಗಳಲಾರೆ. ಹೋರಿಯನ್ನು ದೇವರಿಗೆ ಬಿಟ್ಟರೆ ಅದು ಊರೆಲ್ಲ ಮೇಯ್ದುಕೊಂಡು ಇರುತ್ತಿತ್ತು. ಹೆಣ್ಣುಮಗುವನ್ನೂ ‘ದೇವರಿಗೆ ಬಿಟ್ಟೇವಿ’ ಅನ್ನುತ್ತಿದ್ದರು, ಇದೇ ಶಬ್ದ, ಇದೇ ಭಕ್ತಿಯ ದನಿ. ಅದನ್ನು ನಿಲ್ಲಿಸಲು 1982ರ ಕಾಯ್ದೆ ಬೇಕಾಯಿತು. ತನ್ನದನ್ನು ಬಿಟ್ಟರೆ ದಾನ. ಇನ್ನೊಬ್ಬರ ಬಾಳನ್ನು ಬಿಟ್ಟರೆ ಅದಕ್ಕೆ ಬೇರೆ ಹೆಸರು.

ಸಂಜೆ ಮಾಣಿಕೇಶ್ವರ ಗುಡಿಯ ಮುಂದಿನ ಮುಸುಕಿನ ಬಾವಿಯ ಮೆಟ್ಟಿಲ ಮೇಲೆ ಕೂತಿದ್ದೆ. ಲಕ್ಕುಂಡಿಗೆ 101 ಗುಡಿ, 101 ಬಾವಿ ಅಂತ ಊರವರ ಮಾತು. ನಳ ಬಂದ ಮೇಲೆ ಬಾವಿಗಳನ್ನು ಜನ ಬಿಟ್ಟರು. ಮುಚ್ಚಲಿಲ್ಲ, ಒಡೆಯಲಿಲ್ಲ, ಸುಮ್ಮನೆ ಬಿಟ್ಟರು. ಆ ಬಿಡುವಿಕೆಗೆ ಶಾಸನವಿಲ್ಲ.

ಮುಂದಿನ ಶ್ಮಿಟಾ 2028ರ ಸೆಪ್ಟೆಂಬರಿನಲ್ಲಿ ಶುರುವಾಗುತ್ತದೆ. ಅಷ್ಟರೊಳಗೆ ನನಗೊಂದು ಶಬ್ದ ಬೇಕಾಗಿದೆ. ಸೋಲದೆ, ಗುಳೆ ಹೋಗದೆ, ನೆಲ ದಣಿದಿದೆ ಅಂತ ಬೇಕೆಂದೇ ಒಂದು ವರ್ಷ ಬಿಟ್ಟ ಹೊಲಕ್ಕೆ ನಿಮ್ಮ ಕಡೆಯ ಹಿರಿಯರು ಏನನ್ನುತ್ತಿದ್ದರು? ಶಿರಹಟ್ಟಿ, ಲಕ್ಷ್ಮೇಶ್ವರ, ಮುಂಡರಗಿ ಕಡೆಯವರು ಮನೆಯ ಅಜ್ಜ ಅಜ್ಜಿಯರನ್ನು ಕೇಳಿ ಬರೆದು ತಿಳಿಸಿ. ‘ಬೀಳು’ ಒಂದನ್ನು ಮಾತ್ರ ಬಿಟ್ಟುಬಿಡಿ.